ಕ್ಯಾಲರಿ ಮೇಡಂ ಉಂಡ ಊಟ

ಮೊನ್ನೆ ನ್ಯಾಮತಿಯಿಂದ ಹಳೆಯ ಗೆಳತಿಯೊಬ್ಬಳು ಫೋನು ಮಾಡಿ, "ಕ್ಯಾಲರಿ ಮೇಡಂ ಹೋಗಿಬಿಟ್ರಂತೆ ಕಣೇ" ಅಂದಳು. ಅದರ ಬೆನ್ನಿಗೇ ಇನ್ನೊಂದು ಮಾತು: ಶಾಲೆಯವರು ಸ್ಮರಣ ಸಂಚಿಕೆ ತರುತ್ತಾರಂತೆ, ನಾನು ಎರಡು ಪುಟ ಬರೆಯಬೇಕಂತೆ, ಹುಟ್ಟಿದ ಊರು, ಓದು, ಸೇವೆ ಎಲ್ಲ ವಿವರವೂ ಬರಬೇಕಂತೆ. ಹೂಂ ಅಂದುಬಿಟ್ಟೆ. ಅಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ಅಡುಗೆಮನೆಗೆ ಹೋಗುತ್ತೇನೆ, ಯಾವುದೋ ಡಬ್ಬಿಯ ಮುಚ್ಚಳ ತೆಗೆದು ಹಾಕುತ್ತೇನೆ, ಯಾಕೆ ಬಂದೆ ಅನ್ನುವುದು ಮರೆತು ವಾಪಸು ಬರುತ್ತೇನೆ. ಮೂರು ಹಾಳೆ ಹರಿದದ್ದಾಯಿತು.

ವಿವರ ಬೇಕಂತೆ, ವಿವರ! ಅವರ ಊರು ಚನ್ನಗಿರಿ ಕಡೆಯ ಯಾವುದೋ ಹಳ್ಳಿ. ಎಲ್ಲಿ ಓದಿದರೋ ಗೊತ್ತಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಊರಿನವರಿಗೆ ಮಾತ್ರ ಅದಕ್ಕೆ ಏಳೆಂಟು ಕಾರಣಗಳು ಗೊತ್ತಿದ್ದವು. ನನಗೆ ಗೊತ್ತಿರುವುದೇ ಬೇರೆ, ಅದನ್ನು ಸಂಚಿಕೆಯವರು ಅಚ್ಚು ಹಾಕುತ್ತಾರೋ ಇಲ್ಲವೋ. ಹಾಕದಿದ್ದರೆ ಬಿಡಲಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಮೇಡಂ ಹೊನ್ನಾಳಿಯಲ್ಲಿ ಕೋಣೆ ಮಾಡಿಕೊಂಡಿದ್ದು, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಬರುತ್ತಿದ್ದರು. ಗೃಹವಿಜ್ಞಾನ ಅವರ ವಿಷಯ. ಕಸೂತಿ ಹಾಕಿಸುತ್ತಾರೆ, ಉಪ್ಪಿನಕಾಯಿ ಹಾಕಿಸುತ್ತಾರೆ ಎಂದು ನಾವು ಕಾದು ಕೂತಿದ್ದರೆ, ಮೊದಲ ದಿನವೇ ಬೋರ್ಡಿನ ಮೇಲೆ ದೊಡ್ಡದಾಗಿ 'ಕ್ಯಾಲರಿ' ಎಂದು ಬರೆದು, ಸೀಮೆಸುಣ್ಣವನ್ನು ಅಂಗೈಯಲ್ಲಿ ಕುಲುಕುತ್ತಾ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯತೊಡಗಿದರು. ಮೂರು ವರ್ಷ ಹಾಗೆ ನಡೆದರು. ಕ್ಲಾಸಿನ ಕುರ್ಚಿಯ ಮೇಲೆ ಅವರ ಚೀಲ ಕೂರುತ್ತಿತ್ತು, ಅವರು ಕೂತದ್ದು ನಾನು ಕಂಡಿರಲಿಲ್ಲ.

"ನಿಮ್ಮ ಮನೆಯಾಗೆ ಒಲೆ ಐತೋ ಇಲ್ಲೋ?" ಅಂತ ಶುರುಮಾಡಿದರು. "ಒಲಿಗೆ ಸೌದೆ ಹಾಕ್ತೀರಿ, ಉರೀತೈತೆ, ಅಡಿಗೆ ಆಕ್ಕೈತೆ. ಸೌದೆ ಹೆಚ್ಚಿಗೆ ಬಂತು, ಏನ್ ಮಾಡ್ತೀರಿ? ಹಿತ್ತಲಾಗೆ ಒಟ್ಟಿ ಇಡ್ತೀರಿ. ಮೈಗೆ ಅನ್ನಾನೇ ಸೌದೆ. ಉರಿಸಿ ಉಳಿದದ್ದನ್ನ ಮೈ ಒಟ್ಟಿ ಇಡ್ತೈತೆ. ಎಲ್ಲಿ? ಸೊಂಟದಾಗೆ, ಹೊಟ್ಟಿಯಾಗೆ. ಸೌದೆ ಕಮ್ಮಿ ಬಿತ್ತೋ, ಒಟ್ಟಿದ್ದನ್ನ ತೆಗ್ದು ಉರಿಸ್ಕಂತೈತೆ. ಇಷ್ಟೇ. ಎಷ್ಟು ಸೌದೆ ಅಂತ ಅಳೆಯಾಕೆ ಕ್ಯಾಲರಿ." ಇಷ್ಟು ಹೇಳಿ, ಮುಂದಿನ ಬೆಂಚಿನವಳತ್ತ ಬೆರಳು ಮಾಡಿ, "ಬೆಳಿಗ್ಗೆ ಏನ್ ತಿಂದ್ಯೇ?" ಅಂದರು. ಅವಳು ಅಂಜುತ್ತಾ "ಎರಡು ರೊಟ್ಟಿ, ಶೇಂಗಾ ಚಟ್ನಿ" ಅಂದರೆ, ಇವರು ಒಂದು ಅಂಕಿ ಒಗೆದರು. ಅಂದಿನಿಂದ ನಮ್ಮ ಊರಿನ ಎಲ್ಲಾ ತಿಂಡಿಗೂ ಒಂದೊಂದು ನಂಬರು ಬಿತ್ತು.

ಬಸ್ಸಿನಲ್ಲೂ ಇದೇ ಕಥೆ. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹತ್ತಿದವರು ಮೇಡಂ ಕಂಡರೆ ಪೊಟ್ಟಣ ಮಡಿಲಿಗೆ ಸರಿಸುತ್ತಿದ್ದರಂತೆ. ಕಂಡಕ್ಟರು ಬೇಕಂತಲೇ ಕೆಣಕುತ್ತಿದ್ದ: "ಮೇಡಂ, ನಾಕು ಮೆಣಸಿನಕಾಯಿ ತಿಂದೀನಿ, ಎಷ್ಟಾತ್ರೀ?" ಇವರು ಲೆಕ್ಕ ಹೇಳಿ, "ಬಸ್ಸಿನ ಹಿಂದ್ಗಡೆ ನ್ಯಾಮತಿ ತನ ಓಡ್ಕಂಡು ಬಂದ್ರೆ ಕರಗ್ತೈತೆ. ಹಿಂಗೆ ಬಾಗಿಲಿಗೆ ಜೋತು ಬಿದ್ರೆ ಕರಗಲ್ಲ" ಅನ್ನುತ್ತಿದ್ದರು. ಬಸ್ಸೆಲ್ಲಾ ನಗುತ್ತಿತ್ತು. ಸೀಟು ಖಾಲಿ ಇದ್ದರೂ ಮೇಡಂ ನಿಂತೇ ಬರುತ್ತಿದ್ದರು ಎಂಬುದನ್ನೂ ಆ ಕಂಡಕ್ಟರೇ ಹೇಳಿದ್ದು.

ಇನ್ನು ಬರೆಯಲೇಬೇಕಾದ್ದಕ್ಕೆ ಬರುತ್ತೇನೆ. ಎದ್ದು ನೀರು ಕುಡಿದು ಬಂದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮೇಡಂ ಒಂದು ಹೋಂವರ್ಕ್ ಕೊಟ್ಟರು. ಮನೆಯಲ್ಲಿ ಯಾರು ಯಾರು ಏನು ಉಂಡರು, ಎಷ್ಟು ಉಂಡರು ಎಂದು ಏಳು ದಿನ ಬರೆಯಬೇಕು. ಅಪ್ಪ, ಅವ್ವ, ಅಜ್ಜಿ, ಚಿಕ್ಕಪ್ಪಂದಿರು, ಒಬ್ಬೊಬ್ಬರಿಗೂ ಒಂದೊಂದು ಸಾಲು. ಜೊತೆಗೆ ತೂಕ. ನಮ್ಮ ಅಪ್ಪ ಅಡಿಕೆ ಮಂಡಿಯಲ್ಲಿ ತೂಕ ಮಾಡುವ ಕೆಲಸದಲ್ಲಿದ್ದರು. ಮೇಡಂ ಸೀದಾ ಮಂಡಿಗೆ ಹೋಗಿ ಮಾತಾಡಿ, ಭಾನುವಾರ ಮಂಡಿ ರಜೆ ಇದ್ದಾಗ ಅಡಿಕೆ ಚೀಲ ತೂಗುವ ಮಿಷನ್ನಿನ ಮೇಲೆ ಹೆಂಗಸರನ್ನು ತೂಗುವುದೆಂದು ಗೊತ್ತುಮಾಡಿದರು. ಊರಲ್ಲಿ ಗುಲ್ಲೋ ಗುಲ್ಲು. "ಚೀಲ ತೂಗೋದ್ರ ಮ್ಯಾಲೆ ನಾನ್ ನಿಂದ್ರಾದಾ? ಬ್ಯಾಡ್ರೀ ಯಪ್ಪಾ!" ಎಂದು ಸೆರಗು ಬಾಯಿಗೆ ಹಿಡಿದು ನಕ್ಕವರೇ ಎಲ್ಲ. ಆದರೂ ಬಂದರು. ಗಂಡಸರನ್ನು ಹೊರಗೆ ಕಳಿಸಿದರು. ಅಪ್ಪ ಒಬ್ಬರೇ ಬೆನ್ನು ತಿರುಗಿಸಿ ನಿಂತರು, ಮೇಡಮ್ಮೇ ಮುಳ್ಳು ನೋಡಿ ಬರೆದುಕೊಂಡರು.

ನಮ್ಮವ್ವ ಎಪ್ಪತ್ತೊಂದು ಕೇಜಿ ಬಂದಳು. ಕುಳ್ಳು ಹೆಂಗಸು. ಅಜ್ಜಿಗೆ ಅದೊಂದು ಹೆಮ್ಮೆ. "ನಮ್ಮನೆ ಅನ್ನ ಉಂಡ ಮೈ ನೋಡು" ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಓಣಿಯ ಹೆಂಗಸರೂ "ನಿನಗೇನಮ್ಮಾ, ಮೈಕೈ ತುಂಬ್ಕಂಡು ಲಕ್ಷ್ಮಿ ಇದ್ದಂಗಿದೀಯ" ಅನ್ನುತ್ತಿದ್ದರು. ಅವ್ವ ನಗುತ್ತಿದ್ದಳು. ಅವಳ ನಗು ಹೊರತು ಬೇರೇನೂ ನನಗೆ ಆಗ ಕಾಣುತ್ತಿರಲಿಲ್ಲ.

ಹೋಂವರ್ಕಿನಲ್ಲಿ ಅಪ್ಪನದು ಬರೆಯುವುದು ಸುಲಭವಿತ್ತು. ಮಧ್ಯಾಹ್ನ ಮೂರು ರೊಟ್ಟಿ, ಪಲ್ಯ, ಅನ್ನ ಸಾರು, ಮಜ್ಜಿಗೆ. ರಾತ್ರಿಗೂ ಅಷ್ಟೇ. ಅಜ್ಜಿಯದು, ಚಿಕ್ಕಪ್ಪಂದಿರದು, ತಮ್ಮನದು ಎಲ್ಲವೂ ಕಣ್ಣ ಮುಂದೆಯೇ ಇತ್ತು. ಅವ್ವನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಒಂಬತ್ತು ಜನರಿಗೆ ಬಡಿಸಿ, ಪಾತ್ರೆ ಎತ್ತಿ, ಒಲೆ ಸಾರಿಸಿ, ಆಮೇಲೆ ಯಾವಾಗಲೋ ಉಣ್ಣುವವಳು ಅವಳು. ಅಷ್ಟು ಹೊತ್ತಿಗೆ ನಾವು ಅಂಗಳದಲ್ಲಿ ಕುಂಟೆಬಿಲ್ಲೆಯಲ್ಲೋ ನಿದ್ದೆಯಲ್ಲೋ ಇರುತ್ತಿದ್ದೆವು. "ಅವ್ವಾ, ಏನ್ ಉಂಡೆ?" ಅಂತ ಕೇಳಿದೆ. "ಎಲ್ಲಾರೂ ಉಂಡಿದ್ದೇ ಕಣೇ. ನಂಗೇನು ಬ್ಯಾರೆ ಮಾಡ್ತಾರಾ?" ಅಂದಳು. ಸರಿ, ಅಪ್ಪನ ಸಾಲನ್ನೇ ಇಳಿಸಿದೆ. ಹೆಂಗಸಲ್ಲವೇ ಎಂದು ಹೊತ್ತಿಗೊಂದು ರೊಟ್ಟಿ ಕಡಿಮೆ ಮಾಡಿದೆ. ಏಳು ದಿನವೂ ಹಾಗೇ. ಅಕ್ಷರ ದುಂಡಗೆ ಬಂದಿದೆ ಎಂದು ನನಗೇ ಖುಷಿಯಾಗಿತ್ತು.

ನೋಟುಬುಕ್ಕು ತಿದ್ದಿದ ದಿನ ಹಿಂದಿನ ಬೆಂಚಿನ ಒಬ್ಬಳಿಗೆ ಬೈಗುಳ ಬಿತ್ತು. ಅವಳು ಅವ್ವನ ಸಾಲು ಖಾಲಿ ಬಿಟ್ಟಿದ್ದಳು. "ಏನೇ, ನಿಮ್ಮವ್ವ ಗಾಳಿ ಕುಡ್ದು ಬದುಕ್ತಾಳೇನು?" ಎಂದರು ಮೇಡಂ. ಕ್ಲಾಸೆಲ್ಲಾ ನಕ್ಕಿತು. ನಾನೂ ನಕ್ಕೆ. ನನ್ನ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ 'ಚೆನ್ನಾಗಿದೆ' ಎಂದಿತ್ತು, ಅದರ ಕೆಳಗೆ 'ತಾಯಿಯವರನ್ನು ಕರೆದುಕೊಂಡು ಬಾ'.

ಅವ್ವ ಹೋದಳು. ಮೇಡಂ ಕಾರಿಡಾರಿನಲ್ಲಿ ಅತ್ತಿತ್ತ ನಡೆಯುತ್ತಲೇ ಮಾತಾಡಿದರು, ಅವ್ವ ಪಾಪ ಅವರ ಹಿಂದೆ ಹಿಂದೆ ತಿರುಗಿದಳು. "ಅಕ್ಕಾ, ಈ ವಯಸ್ಸಿಗೆ ಈ ತೂಕ ಒಳ್ಳೇದಲ್ಲ. ಮುಂದೆ ಮಂಡಿನೋವು, ಬಿಪಿ ಎಲ್ಲಾ ಶುರುವಾಕ್ಕೈತೆ. ಹೊತ್ತಿಗೊಂದು ರೊಟ್ಟಿ ಕಮ್ಮಿ ಮಾಡ್ರಿ. ತಿಂಗಳಿಗೆ ಎರಡು ಕೇಜಿ ಇಳಿಯದಿದ್ರೆ ನನ್ನ ಕೇಳ್ರಿ." ಅವ್ವ ಎಲ್ಲದಕ್ಕೂ "ಹೂನ್ರೀ ಮೇಡಂನೋರೆ" ಅಂದಳು. ಓದಿದವರು ತನ್ನನ್ನು ಕರೆಸಿ 'ಅಕ್ಕಾ' ಎಂದು ಮಾತಾಡಿಸಿದ್ದೇ ಅವಳಿಗೆ ದೊಡ್ಡದಾಗಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಳು.

ಒಂದು ತಿಂಗಳು ಕಳೆದು ಮಿಷನ್ನಿನ ಮೇಲೆ ನಿಲ್ಲಿಸಿದರೆ ಎಪ್ಪತ್ತೆರಡೂವರೆ. ಮೇಡಂ ಮುಳ್ಳಿಗೆ ಬೆರಳಿನಿಂದ ತಟ್ಟಿದರು. ತೂಕದ ಕಲ್ಲಿಟ್ಟು ನೋಡಿದರು. ಮಿಷನ್ನು ಸರಿ ಇತ್ತು. "ಲೆಕ್ಕ ತಪ್ಪಾಕೆ ಸಾಧ್ಯಾನೇ ಇಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ಮರುದಿನ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ನಿಜ ಹೇಳು, ನಿಮ್ಮವ್ವ ನಡೂಕೆ ಏನಾರ ತಿಂತಾಳಾ? ಬೆಲ್ಲ, ಶೇಂಗಾ? ಅಡಿಗೆ ಮನೆಯಾಗೆ ಇರೋರು ಬಾಯಾಡಿಸ್ತಾರೆ" ಅಂದರು. ನನಗೆ ಮೈಯೆಲ್ಲಾ ಉರಿಯಿತು. ನಮ್ಮವ್ವನ್ನ ಕಳ್ಳಿ ಅಂತಾರಲ್ಲ! ಆದರೆ ಬಾಯಿ ಬಿಡಲಿಲ್ಲ. ಬಿಟ್ಟರೆ ನೋಟುಬುಕ್ಕಿನ ವಿಷಯ ಹೊರಗೆ ಬರುತ್ತಿತ್ತು, 'ಚೆನ್ನಾಗಿದೆ' ಹೋಗುತ್ತಿತ್ತು.

ಆ ದಿನಗಳನ್ನು ನೆನೆದರೆ ಈಗಲೂ ಕಾಲು ನಿಲ್ಲುವುದಿಲ್ಲ. ಅವ್ವ ಬೆಳಿಗ್ಗೆ ಎದ್ದರೆ ಮುಖ ಊದಿರುತ್ತಿತ್ತು. ಬಳೆ ಬಿಗಿಯಾಗಿ ಸೋಪು ಹಚ್ಚಿ ತೆಗೆದಳು. ಕಾಲುಂಗುರವನ್ನು ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಿದರು. "ಇನ್ನೂ ದಪ್ಪ ಆದೆ ನೋಡು" ಎಂದು ಅಜ್ಜಿ ಸಂಭ್ರಮಪಟ್ಟಳು. ಅವ್ವ ಬಾವಿಯಿಂದ ಒಂದು ಕೊಡ ತಂದರೆ ಹೊಸಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ನಾನು ಓದಲು ಕೂತರೆ ಅಕ್ಷರ ಹತ್ತುತ್ತಿರಲಿಲ್ಲ. ಹೇಳಬೇಕು ಹೇಳಬೇಕು ಎಂದು ಸ್ಕೂಲಿಗೆ ಹೋಗುವುದು, ಹೇಳದೆ ಮನೆಗೆ ಬರುವುದು. ಏನು ಹೇಳಬೇಕೆಂಬುದೂ ಸರಿಯಾಗಿ ಗೊತ್ತಿರಲಿಲ್ಲ, ನೋಡಿ. ಸುಳ್ಳು ಬರೆದೆ ಅಂತಲೇ? ಸುಳ್ಳು ಹೌದೋ ಅಲ್ಲವೋ ನನಗೇನು ಗೊತ್ತು, ನಾನು ನೋಡಿಯೇ ಇರಲಿಲ್ಲವಲ್ಲ.

ಕೊನೆಗೆ ಮೇಡಂಗೇ ತಡೆಯಲಾಗಲಿಲ್ಲ. ಒಂದು ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಹೊನ್ನಾಳಿ ಬಸ್ಸು ಹತ್ತದೆ, ಛತ್ರಿ ಬಿಚ್ಚಿಕೊಂಡು, "ನಡಿಯೇ, ನಿಮ್ಮನೆಗೆ" ಅಂದರು. ಬಂದವರೇ ಅಡುಗೆಮನೆಯ ಬಾಗಿಲಲ್ಲಿ ಮಣೆ ಎಳೆದುಕೊಂಡು ಕೂತರು. ಅವರು ಕೂತದ್ದನ್ನು ನಾನು ಮೊದಲು ಕಂಡದ್ದು ಅವತ್ತು. ಕೂತರೂ ಪಾದ ಮಾತ್ರ ನೆಲಕ್ಕೆ ತಟ್ಟುತ್ತಲೇ ಇತ್ತು.

ಗಂಡಸರದಾಯಿತು, ಮಕ್ಕಳದಾಯಿತು, ಅಜ್ಜಿಯದಾಯಿತು. ಅವ್ವ ತಟ್ಟೆ ತೊಳೆದು ತಂದು, "ಏಳ್ರಿ ಮೇಡಂನೋರೆ, ಉಣ್ಣಾಕೇಳ್ರಿ" ಅಂದಳು.

"ನೀವು ಉಂಡ ಮ್ಯಾಲೆ ನಾನು."

"ಅಯ್ಯೋ, ಎಲ್ಲಾದ್ರೂ ಉಂಟಾ? ಮನೆಗೆ ಬಂದೋರು ಉಣ್ಣದೆ ನಾನು ತುತ್ತು ಎತ್ತಲಾ?"

"ಹಂಗಾದ್ರೆ ಇಬ್ರೂ ಹಿಂಗೇ ಕುಂದ್ರಾನ."

ಕೂತರು ನೋಡಿ! ಬಿಸಿಲು ಹಿತ್ತಲ ಬಾಗಿಲಿನಿಂದ ಒಲೆಯ ತನಕ ಸರಿಯಿತು. ಅವ್ವ ಎದ್ದು ಪಾತ್ರೆ ಜೋಡಿಸಿದಳು, ಮತ್ತೆ ಕರೆದಳು, ಇವರು ಅಲ್ಲಾಡಲಿಲ್ಲ. ಅಜ್ಜಿ ಪಡಸಾಲೆಯಿಂದ ಗೊಣಗಿದಳು. ಇಬ್ಬರಲ್ಲಿ ಯಾರೂ ಸೋಲುವಂತೆ ಕಾಣಲಿಲ್ಲ. ನಾನು ಬಾಗಿಲಿನ ಸಂದಿಯಲ್ಲಿ ಉಗುರು ಕಚ್ಚುತ್ತಾ ನಿಂತಿದ್ದೆ. ಮೂರು ಗಂಟೆಯ ಹೊತ್ತಿಗೆ ಅವ್ವನ ತಲೆ ಸುತ್ತಿರಬೇಕು, ಗೋಡೆ ಹಿಡಿದು ಕೂತಳು. ಕೂತು, ನಮಗೆ ಬೆನ್ನು ಮಾಡಿ, ಬುಟ್ಟಿಯಿಂದ ಬೆಳಗಿನ ಅರ್ಧ ರೊಟ್ಟಿ ತೆಗೆದು, ಮುರಿದು ನೀರು ಮಜ್ಜಿಗೆಗೆ ಹಾಕಿ, ನಾಲ್ಕು ಕಾಳು ಉಪ್ಪು ಉದುರಿಸಿಕೊಂಡಳು. ಪಲ್ಯದ ಪಾತ್ರೆ ಖಾಲಿ ಇತ್ತು. ಸಾರಿನದೂ ತಳ ಕಾಣುತ್ತಿತ್ತು. ಅನ್ನ ಒಂದು ಹಿಡಿ ಉಳಿದದ್ದನ್ನು ಅವಳು ಮೇಡಂಗೆಂದು ಮುಚ್ಚಿಟ್ಟಿದ್ದಳು.

"ಇಷ್ಟೇನಾ?" ಅಂದರು ಮೇಡಂ.

"ಸಾಕ್ರೀ. ನೀವೇ ಹೇಳಿದ್ರಲ್ಲ, ಒಂದು ಬಿಡು ಅಂತ. ಒಂದೂವರೆ ತಿಂತಿದ್ದೆ. ಒಂದು ಬಿಟ್ಟೆ."

"ರಾತ್ರಿಗೆ?"

"ಉಳಿದ್ರೆ ಉಂಟು."

ಮೇಡಂ ಮುಖ ಬಿಳುಚಿಕೊಂಡಿತು. ಏನೋ ಹೊಳೆದವರಂತೆ ಮುಂದೆ ಬಾಗಿ ಅವ್ವನ ಸೀರೆಯ ಅಂಚು ಸರಿಸಿ, ಮೊಣಕಾಲಿನ ಕೆಳಗೆ ಹೆಬ್ಬೆರಳು ಊರಿ ತೆಗೆದರು. ಅಲ್ಲೊಂದು ಗುಳಿ ಬಿತ್ತು. ಮೂವರೂ ನೋಡುತ್ತಿದ್ದೆವು. ಗುಳಿ ಹಾಗೇ ಇತ್ತು, ತುಂಬಲಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಹಾಳೆಯಷ್ಟು ಬೆಳ್ಳಗಿತ್ತು. "ಒಲಿಗೆ ಸೌದೇನೇ ಬಿದ್ದಿಲ್ಲ, ರಾಶಿ ಎಲ್ಲಿಂದ ಬರ್ತೈತೆ! ಇದು ಕೊಬ್ಬಲ್ಲ, ನೀರು ತುಂಬ್ಕಂಡೈತೆ. ನಾನ್ ಎಂಥ ಕೆಲಸ ಮಾಡ್ದೆ!" ಎಂದು ಹಣೆ ಹಣೆ ಚಚ್ಚಿಕೊಂಡರು. ನನಗೆ ಅಲ್ಲೇ ಅಳು ಬಂತು. ಅವ್ವ, ಪುಣ್ಯಾತ್ಮಳು, "ಅನ್ನ ತಣ್ಣಗಾತು, ಉಣ್ರಿ ಮೇಡಂನೋರೆ" ಎನ್ನುತ್ತಿದ್ದಳು. ಅವರು ಉಣ್ಣಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೋಗಿ ಅಪ್ಪನನ್ನು ಕರೆತಂದರು.

ಮರುದಿನ ಮೊದಲ ಬಸ್ಸಿಗೆ ಅವ್ವನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು, ಮೇಡಮ್ಮೂ ಜೊತೆಗೆ. ಮೈಯಲ್ಲಿ ರಕ್ತವೇ ಇಲ್ಲ, ಹೊಟ್ಟೆಯಲ್ಲಿ ಹುಳ, ಊಟವಿಲ್ಲ, ಅದಕ್ಕೇ ಮೈ ನೀರು ಹಿಡಿದಿದೆ, ಹೃದಯಕ್ಕೂ ಆಯಾಸವಾಗಿದೆ, ಇನ್ನು ಹದಿನೈದು ದಿನ ತಡಮಾಡಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ಊರ ಮಂದಿ ಮಾಲೆಲ್ಲಾ ತೂಗ್ತೀನಿ ನಾನು" ಎಂದರು. ಮೂರು ವಾರ ಬಿಟ್ಟು ಅವ್ವ ಮನೆಗೆ ಬಂದಾಗ ಐವತ್ಮೂರು ಕೇಜಿ. ಓಣಿಯ ಹೆಂಗಸರು ಬಂದು, "ಅಯ್ಯೋ ಶಿವನೇ, ಎಂಥಾ ಮೈ ಹೆಂಗೆ ಸೊರಗಿ ಹೋತು!" ಎಂದು ಕಣ್ಣೊರೆಸಿಕೊಂಡರು. ಅವ್ವ ಎರಡು ಕೊಡ ನೀರು ಒಟ್ಟಿಗೆ ಹೊತ್ತು ತಂದದ್ದನ್ನು ಯಾರೂ ನೋಡಲಿಲ್ಲ.

ಆಮೇಲೆ ಮೇಡಂ ಕ್ಯಾಲರಿ ಹೇಳಿಕೊಡುವುದನ್ನು ಬಿಟ್ಟರು ಅಂದುಕೊಳ್ಳಬೇಡಿ. ಇನ್ನೂ ಜೋರಾಗಿ ಹೇಳಿದರು. ಆದರೆ ಯಾವ ಕ್ಲಾಸಿಗೆ ಹೋದರೂ ಪಾಠಕ್ಕೆ ಮುಂಚೆ ಒಂದು ಮಾತು ಸೇರಿಸುತ್ತಿದ್ದರು. "ನಾನು ಒಬ್ರ ಊಟ ಕಣ್ಣಾರೆ ನೋಡದೆ ಲೆಕ್ಕ ಹಾಕ್ದೆ. ತಪ್ಪು ನಂದು. ನೀವು ನೋಡದೆ ಬರೆಯಂಗಿಲ್ಲ." ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ನನ್ನ ತಪ್ಪನ್ನು ಇಡೀ ಶಾಲೆಯ ಮುಂದೆ ಅವರು ಹೊತ್ತುಕೊಂಡರು, ನಾನು ಹೊರಲು ಬಿಟ್ಟೆ. ನನ್ನ ಎಸ್ಸೆಸ್ಸೆಲ್ಸಿ ಮುಗಿಯಿತು, ಅವರಿಗೆ ಜಗಳೂರಿಗೆ ವರ್ಗವಾಯಿತು. ನಾನು ಟೀಚರ್ ಟ್ರೇನಿಂಗು ಮುಗಿಸಿ ಚನ್ನಗಿರಿಯಲ್ಲಿ ಕೆಲಸಕ್ಕೆ ಸೇರಿದೆ. ಮಕ್ಕಳ ಮುಂದೆ ನಿಂತು 'ಸುಳ್ಳು ಬರೆಯಬಾರದು' ಎಂದು ಹೇಳುವಾಗಲೆಲ್ಲಾ ಆ ನೋಟುಬುಕ್ಕು ಕಣ್ಣ ಮುಂದೆ ಬರುತ್ತಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಒಂದು ಭಾನುವಾರ, ಇನ್ನು ಆಗುವುದಿಲ್ಲ ಎಂದು ಜಗಳೂರಿಗೆ ಹೊರಟೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನಲ್ಲಿ ಇಳಿಯುವಾಗ ಮಧ್ಯಾಹ್ನ. ಬೆಂಕಿಯಂಥ ಬಿಸಿಲು.

ಒಂದೇ ಕೋಣೆಯ ಮನೆ. ಮೇಡಂ ಕಿಟಕಿಯ ಹತ್ತಿರ ನಿಂತುಕೊಂಡು ಪೇಪರ್ ಪೊಟ್ಟಣದಿಂದ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ತಲೆಯಲ್ಲಿ ನಾಲ್ಕು ಬಿಳಿಗೂದಲು. ನನ್ನ ಗುರುತು ಸಿಕ್ಕ ತಕ್ಷಣ ಕೇಳಿದ್ದು, "ಅವ್ವ ಹೆಂಗವ್ರೆ? ಏನ್ ಉಣ್ತಾರೆ?" ನಾನು ಉತ್ತರ ಕೊಡದೆ, ಚಪ್ಪಲಿಯನ್ನೂ ಬಿಡದೆ, ಎಲ್ಲಾ ಒದರಿಬಿಟ್ಟೆ. ಅಪ್ಪನ ಸಾಲು ನೋಡಿ ಇಳಿಸಿದ್ದು, ಒಂದು ರೊಟ್ಟಿ ಕಳೆದದ್ದು, ಏಳು ದಿನವೂ.

ಅವರು ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದರು.

"ಗೊತ್ತೈತೆ ಕಣೇ" ಅಂದರು. "ಅವತ್ತು ಶಿವಮೊಗ್ಗದಿಂದ ಬಂದೋಳು ಮೂವತ್ತೆಂಟು ನೋಟುಬುಕ್ಕೂ ಇನ್ನೊಂದು ಸಲ ತೆಗ್ದೆ. ಮೂವತ್ತೇಳು ಹುಡ್ಗೀರು ಅಪ್ಪನ ಊಟಾನೇ ಅವ್ವಂಗೂ ಬರೆದಿದ್ರು. ಅರ್ಧನೋ ಒಂದೋ ರೊಟ್ಟಿ ಕಮ್ಮಿ ಮಾಡಿ. ನ್ಯಾಮತಿಯಾಗೆ ಯಾವ ಮಗಳೂ ಅವ್ವ ಉಣ್ಣಾದು ನೋಡಿರಲಿಲ್ಲ. ಒಬ್ಳೇ ಒಬ್ಳು ನಿಜ ಬರೆದಿದ್ಲು. ಖಾಲಿ ಬಿಟ್ಟಿದ್ಲು. ನಾನು ಅವಳಿಗೆ ಬೈದಿದ್ದೆ."

"ಆಮೇಲೆ?"

"ಅವಳ ಮನೆಗೆ ಹೋಗಿ ತಪ್ಪಾತು ಅಂತ ಅಂದು ಬಂದೆ. ಉಳ್ದ ಮೂವತ್ತಾರು ಮನೆಗೂ ಹೋದೆ. ಮಣೆ ಹಾಕ್ಕಂಡು ಕೂತೆ. ವರ್ಷ ಹಿಡೀತು." ಇಷ್ಟು ಹೇಳಿ ಮತ್ತೆ ಅತ್ತಿತ್ತ ನಡೆಯತೊಡಗಿದರು.

ಆರು ವರ್ಷದ ಭಾರ ಇಳಿದು ಹಗುರವಾಗಬೇಕಿತ್ತು. ಆಗಲಿಲ್ಲ. ಅವರ ಕೈಯಲ್ಲಿದ್ದ ಪೊಟ್ಟಣದ ಮೇಲೆಯೇ ನನ್ನ ಕಣ್ಣು. ಮೂರು ವರ್ಷ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಇವರು ಕ್ಲಾಸಿನ ಕಿಟಕಿಯಲ್ಲಿ ನಿಂತು ಇಂಥದೇ ಪೊಟ್ಟಣ ಬಿಚ್ಚುವುದನ್ನು ನೋಡಿದ್ದೆ. ಊರಿನವರ ತುತ್ತೆಲ್ಲಾ ಎಣಿಸಿದ ಹೆಂಗಸು, ಇವರು ತಟ್ಟೆ ಮುಂದೆ ಕೂತು ಉಂಡದ್ದನ್ನು ಮಾತ್ರ ನಾನು ಕಂಡೇ ಇಲ್ಲವಲ್ಲ!

"ಊಟ ಆತೇನ್ರೀ ಮೇಡಂ?"

"ಆತು ಆತು. ಆವಾಗ್ಲೇ ಆತು."

ಸ್ಟವ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಚಪ್ಪಲಿ ಬಿಟ್ಟು, ಕೈ ತೊಳೆದು, ಅವರ ಡಬ್ಬಿಗಳನ್ನು ಹುಡುಕಿ ಜೋಳದ ಹಿಟ್ಟು ತೆಗೆದೆ. "ಏ, ಏನ್ ಮಾಡ್ತೀಯೇ? ಬಂದೋಳು ನೀನು, ನೀನು ಮೊದ್ಲು ಉಣ್ಬೇಕು" ಎಂದು ಗದರಿಕೊಂಡರು.

"ನೀವು ಉಂಡ ಮ್ಯಾಲೆ ನಾನು" ಅಂದೆ. "ನೋಡದೆ ಬರೆಯಂಗಿಲ್ಲ ಅಂತ ಹೇಳಿಕೊಟ್ಟೋರು ನೀವೇ."

ಅವರು ಬಾಗಿಲಿಗೆ ಹೋದರು, ಕಿಟಕಿಗೆ ಬಂದರು. ಆಮೇಲೆ ನಕ್ಕರು, ನಗುತ್ತಲೇ ಕಣ್ಣು ತುಂಬಿಕೊಂಡು ಚಾಪೆಯ ಮೇಲೆ ಕೂತರು.

ಸಂಚಿಕೆಯವರೇ, ನೀವು ಕೇಳಿದ ವಿವರಗಳು ನನ್ನ ಹತ್ತಿರ ಇಲ್ಲ. ಇರುವುದು ಇಷ್ಟು: ಆ ಭಾನುವಾರ ಮಧ್ಯಾಹ್ನ ಎರಡೂವರೆ ಗಂಟೆಗೆ ನಮ್ಮ ಮೇಡಂ ಬಿಸಿ ಜೋಳದ ರೊಟ್ಟಿ ಎರಡು, ಮೂರನೆಯದರಲ್ಲಿ ಅರ್ಧ, ಈರುಳ್ಳಿ ಹಾಕಿದ ಬೇಳೆ ಪಲ್ಯ ಎರಡು ಸಲ, ಒಂದು ಲೋಟ ಮಜ್ಜಿಗೆ ಉಂಡರು. ಕಾಲು ಮಡಚಿ ಕೂತು, ನಿಧಾನವಾಗಿ ಉಂಡರು. ಎದುರಿಗೆ ಕೂತು ನಾನು ನೋಡಿದ್ದೇನೆ.